ಕಂಪನಿ ಕಾಲದ ಬೆಳ್ಳಿ ನಾಣ್ಯಗಳು: ಸಾರ್ವಜನಿಕರ ತಿಳಿವಳಿಕೆಗಾಗಿ

ಚಾಮರಾಜನಗರ ತಾಲ್ಲೂಕಿನ ಕುದೇರು ಹಾಗೂ ಸುತ್ತಮುತ್ತಲ ಗ್ರಾಮಗಳಲ್ಲಿ ಹಳೆಯ ಮನೆ ಕೆಡವುವಾಗ, ಪಾಯ ತೋಡುವಾಗ, ಹೊಲ ಉಳುವಾಗ ಅಥವಾ ಹಿರಿಯರ ಪೆಟ್ಟಿಗೆ ತೆರೆದಾಗ ಹಳೆಯ ಬೆಳ್ಳಿ ನಾಣ್ಯಗಳು ದೊರೆಯುವುದುಂಟು. ಇಂತಹ ನಾಣ್ಯ ಕೈಗೆ ಬಂದವರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ಇದು ಯಾವ ಕಾಲದ್ದು? ಇದಕ್ಕೆ ಎಷ್ಟು ಬೆಲೆ? ಇದನ್ನು ನಾವೇ ಇಟ್ಟುಕೊಳ್ಳಬಹುದೇ? ನಾಲ್ಕನೆಯ ಪ್ರಶ್ನೆಯೊಂದಿದೆ. ಅದನ್ನು ಮಾತ್ರ ತಡವಾಗಿ, ಹಣ ಕಳೆದುಕೊಂಡ ಮೇಲೆ ಕೇಳಲಾಗುತ್ತದೆ: ‘ಈಸ್ಟ್ ಇಂಡಿಯಾ ಕಂಪನಿ, 1616’ ಎಂದು ಬರೆದಿರುವ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಬರುತ್ತದೆಂದು ನಂಬಿ ಕೊಟ್ಟ ಮುಂಗಡ ಹಿಂದಕ್ಕೆ ದೊರೆಯುವುದೇ ಎಂದು.

ಈ ನಾಲ್ಕೂ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದರೆ ಇಂಗ್ಲಿಷರು ನಮ್ಮ ಕಡೆ ಯಾವ ನಾಣ್ಯ ತಂದರು, ಯಾವುದನ್ನು ಇಲ್ಲಿ ಅಚ್ಚು ಹಾಕಿದರು ಎಂಬುದನ್ನು ಸ್ವಲ್ಪ ತಿಳಿದಿರಬೇಕು. ಮೊದಲೇ ಹೇಳಬೇಕಾದ ಮಾತೆಂದರೆ, ಇಂಗ್ಲಿಷರು ಇಲ್ಲಿ ಚಲಾವಣೆಗೆ ತಂದ ಬೆಳ್ಳಿ ನಾಣ್ಯಗಳು ಬಹುಕಾಲ ಇಂಗ್ಲಿಷ್ ನಾಣ್ಯದಂತೆ ಕಾಣುತ್ತಲೇ ಇರಲಿಲ್ಲ. ಮೋಸಗಾರರ ಕೆಲಸ ನಡೆಯುವುದು ಈ ಸಂಗತಿ ಜನರಿಗೆ ತಿಳಿಯದಿರುವುದರಿಂದಲೇ.

ರಾಣಿಯ ಹೆಸರಿನ ಮೊದಲ ನಾಣ್ಯ

ಪೂರ್ವ ದೇಶಗಳೊಡನೆ ವ್ಯಾಪಾರ ಮಾಡಲು ಲಂಡನ್ನಿನ ವರ್ತಕರ ಸಂಘಕ್ಕೆ ಒಂದನೆಯ ಎಲಿಜಬೆತ್ ರಾಣಿ 1600ರ ಡಿಸೆಂಬರ್ 31ರಂದು ಸನ್ನದು ನೀಡಿದರು. ಇದೇ ಮುಂದೆ ಈಸ್ಟ್ ಇಂಡಿಯಾ ಕಂಪನಿ ಎಂದು ಪ್ರಸಿದ್ಧವಾಯಿತು. ಈ ವರ್ತಕರ ತೊಂದರೆ ಸರಳವಾದದ್ದು. ಪೂರ್ವ ದೇಶಗಳಲ್ಲಿ ಅವರು ಕೊಳ್ಳಬೇಕಾದ ಮೆಣಸು, ಲವಂಗ, ಬಟ್ಟೆ ಹೇರಳವಾಗಿದ್ದವು. ಅವರು ಮಾರಬೇಕಾದ ಉಣ್ಣೆಯ ಬಟ್ಟೆ ಇಲ್ಲಿನ ಬಿಸಿಲಿನಲ್ಲಿ ಯಾರಿಗೂ ಬೇಕಿರಲಿಲ್ಲ. ಲೆಕ್ಕ ಸರಿದೂಗಿಸಲು ಬೆಳ್ಳಿಯನ್ನೇ ಹಡಗಿನಲ್ಲಿ ತುಂಬಿ ತರಬೇಕಾಯಿತು. ಒಂದು ದೇಶದ ಬೆಳ್ಳಿ ಹೊರಗೆ ಹೋಗುವುದು ರಾಜ್ಯಕ್ಕೆ ನಷ್ಟವೆಂದು ಭಾವಿಸಲಾಗುತ್ತಿದ್ದ ಕಾಲವದು. ಆದ್ದರಿಂದ ಮೊದಲ ಯಾನಕ್ಕೆ 30,000 ಪೌಂಡು ಮೌಲ್ಯದ ಬೆಳ್ಳಿ ಒಯ್ಯಲು ಮಿತಿಯಿಟ್ಟು ಅನುಮತಿ ನೀಡಲಾಯಿತು. ಅದರಲ್ಲಿ 6,000 ಪೌಂಡಿನಷ್ಟು ಇಂಗ್ಲೆಂಡಿನ ಟಂಕಸಾಲೆಯಲ್ಲಿ ಅಚ್ಚಾಗಿರಬೇಕೆಂಬ ಷರತ್ತೂ ಇತ್ತು.

ಆ ಕಾಲದಲ್ಲಿ ಲೋಕದ ಎಲ್ಲ ಬಂದರುಗಳಲ್ಲಿ ನಡೆಯುತ್ತಿದ್ದ ನಾಣ್ಯ ಸ್ಪೇನ್ ದೊರೆಯ ಎಂಟು ರಿಯಾಲಿನ ಬೆಳ್ಳಿ ನಾಣ್ಯ. ಮೆಕ್ಸಿಕೋ ಮತ್ತು ಪೆರುವಿನ ಗಣಿಗಳ ಬೆಳ್ಳಿಯಿಂದಾದ ಈ ನಾಣ್ಯವನ್ನು ಸುಮಾತ್ರದಿಂದ ಸೂರತ್ತಿನವರೆಗೆ ಚಿನಿವಾರರು ನೋಡಿದ ಕೂಡಲೇ ಗುರುತಿಸುತ್ತಿದ್ದರು. ವರ್ತಕರು ಅದನ್ನೇ ಒಯ್ಯಬಯಸಿದ್ದರು. ಆದರೆ ಸ್ಪೇನಿನೊಡನೆ ಯುದ್ಧ ನಡೆಯುತ್ತಿತ್ತು. ಶತ್ರುವಿನ ಹೆಸರು ಹೊತ್ತ ನಾಣ್ಯವನ್ನು ತನ್ನ ಪ್ರಜೆಗಳು ದೂರದೇಶದಲ್ಲಿ ಹಂಚುವುದು ರಾಣಿಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ 1601ರ ಆರಂಭದಲ್ಲಿ ಲಂಡನ್ನಿನ ಟಂಕಸಾಲೆಯಲ್ಲಿ ಹೊಸದೊಂದು ನಾಣ್ಯಮಾಲೆ ಅಚ್ಚಾಯಿತು. ಎಂಟು, ನಾಲ್ಕು, ಎರಡು ಮತ್ತು ಒಂದು ಟೆಸ್ಟರ್ನ್ ಎಂಬ ನಾಲ್ಕು ಬೆಲೆಗಳು. ಇವುಗಳ ತೂಕ ಇಂಗ್ಲೆಂಡಿನೊಳಗೆ ನಡೆಯುತ್ತಿದ್ದ ನಾಣ್ಯಗಳ ತೂಕವಲ್ಲ. ಸ್ಪೇನಿನ ಎಂಟು, ನಾಲ್ಕು, ಎರಡು ಮತ್ತು ಒಂದು ರಿಯಾಲಿಗೆ ಸರಿಹೊಂದುವ ತೂಕ. ದೊಡ್ಡ ನಾಣ್ಯ ಸುಮಾರು 27 ಗ್ರಾಮಿನದು. ಒಂದು ಮುಖದಲ್ಲಿ ರಾಜಲಾಂಛನ, ಇನ್ನೊಂದು ಮುಖದಲ್ಲಿ ಕೋಟೆಯ ಬಾಗಿಲಿಗೆ ಮೇಲಿನಿಂದ ಇಳಿಬಿಡುವ, ಸರಪಳಿ ಕಟ್ಟಿದ ಕಬ್ಬಿಣದ ಜಾಲರಿ, ಅದರ ಮೇಲೆ ಕಿರೀಟ. ಆ ಜಾಲರಿಗೆ ಇಂಗ್ಲಿಷಿನಲ್ಲಿ ಪೋರ್ಟ್‌ಕಲಿಸ್ ಎನ್ನುವುದರಿಂದ ನಾಣ್ಯಕ್ಕೂ ಅದೇ ಹೆಸರಾಯಿತು. ಸಾಗರದಾಚೆಯ ವ್ಯಾಪಾರಕ್ಕೆಂದೇ ಇಂಗ್ಲೆಂಡ್ ತಯಾರಿಸಿದ ಮೊದಲ ಬೆಳ್ಳಿ ನಾಣ್ಯ ಇದು.

ಜೇಮ್ಸ್ ಲ್ಯಾಂಕಾಸ್ಟರ್‌ರ ನೇತೃತ್ವದಲ್ಲಿ ನಾಲ್ಕು ಹಡಗುಗಳು 1601ರ ಫೆಬ್ರವರಿಯಲ್ಲಿ ಹೊರಟು, 1602ರ ಜೂನ್‌ನಲ್ಲಿ ಸುಮಾತ್ರದ ಅಚೆ ಬಂದರನ್ನು, ಬಳಿಕ ಜಾವಾದ ಬಂಟಾಮನ್ನು ತಲುಪಿದವು. 1603ರಲ್ಲಿ ಮೆಣಸು ತುಂಬಿಕೊಂಡು ಹಿಂದಿರುಗಿದವು. ಯಾನ ಯಶಸ್ವಿಯಾಯಿತು. ಹೊಸ ನಾಣ್ಯ ಆಗಲಿಲ್ಲ. ತೂಕ ಸರಿಯಿತ್ತು, ಬೆಳ್ಳಿ ಒಳ್ಳೆಯದಿತ್ತು, ಆದರೆ ಮಾರುಕಟ್ಟೆಯಲ್ಲಿ ಅದರ ಮುಖಪರಿಚಯ ಯಾರಿಗೂ ಇರಲಿಲ್ಲ. ಮುಂದಿನ ಯಾನಗಳಿಗೆ ಕಂಪನಿ ಸ್ಪೇನಿನ ರಿಯಾಲುಗಳನ್ನೇ ಕೊಂಡು ಕಳುಹಿಸಿತು. ಮೊದಲ ಯಾನದ ಹಡಗುಗಳು ಭಾರತದ ಯಾವ ಬಂದರಿಗೂ ಬರಲೇ ಇಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಪೋರ್ಟ್‌ಕಲಿಸ್ ನಾಣ್ಯಗಳು ಇಂದು ಅತಿ ವಿರಳ. ನಮ್ಮ ಜಿಲ್ಲೆಯ ಹೊಲದಲ್ಲಿ ಅಂತಹದೊಂದು ಸಿಕ್ಕಿತೆಂದು ಯಾರಾದರೂ ಹೇಳಿದರೆ, ಮಾತು ಮುಂದುವರಿಸುವ ಮೊದಲು ನಾಣ್ಯವನ್ನು ತಜ್ಞರಿಗೆ ತೋರಿಸುವುದು ಕ್ಷೇಮ.

ಇಲ್ಲಿನ ರೂಪಕ್ಕೆ ಬಂದ ಇಂಗ್ಲಿಷ್ ಬೆಳ್ಳಿ

ಈ ಸೋಲಿನಿಂದ ಕಂಪನಿ ಕಲಿತ ಪಾಠ ಮುಂದಿನ ಇನ್ನೂರು ವರ್ಷಗಳ ಎಲ್ಲ ನಾಣ್ಯಗಳಲ್ಲೂ ಕಾಣುತ್ತದೆ. ಸೂರತ್ತಿನಲ್ಲಿ ಅವರು ತಂದ ರಿಯಾಲು ಮತ್ತು ಬೆಳ್ಳಿಯ ಗಟ್ಟಿಗಳನ್ನು ಮೊಗಲರ ಟಂಕಸಾಲೆಗೆ ಕೊಟ್ಟು, ಶುಲ್ಕ ತೆತ್ತು, ಬಾದಶಹನ ಹೆಸರಿನ ರೂಪಾಯಿಗಳನ್ನು ಪಡೆಯುತ್ತಿದ್ದರು. ನಮ್ಮ ಕರಾವಳಿಯ ಕಾರವಾರದಲ್ಲಿ 1638ರಲ್ಲಿ ಕೋರ್ಟೀನ್ ಸಂಘದ ಇಂಗ್ಲಿಷ್ ವರ್ತಕರು ಕೋಠಿ ತೆರೆದದ್ದು ಮೆಣಸಿಗಾಗಿ. ಘಟ್ಟದ ಮೇಲಿನ ನಾಡಿನಲ್ಲಿ ಆಗ ವ್ಯವಹಾರ ನಡೆಯುತ್ತಿದ್ದದ್ದು ಮುಖ್ಯವಾಗಿ ಚಿನ್ನದ ವರಹ, ಹಣಗಳಲ್ಲಿ. ಅದೇ 1638ರಲ್ಲಿ ಮೈಸೂರಿನ ಪಟ್ಟಕ್ಕೆ ಬಂದ ಕಂಠೀರವ ನರಸರಾಜ ಒಡೆಯರು ಅಚ್ಚು ಹಾಕಿಸಿದ ಕಂಠೀರಾಯಿ ಹಣ ಚಿನ್ನದ್ದೇ. ಅಂಗೈಯಲ್ಲಿಟ್ಟರೆ ಕಳೆದುಹೋಗುವಷ್ಟು ಚಿಕ್ಕದು. ಹತ್ತು ಹಣಕ್ಕೆ ಒಂದು ವರಹ ಎಂದು ಲೆಕ್ಕ ಹಿಡಿಯಲಾಗುತ್ತಿತ್ತು.

ಮುಂಬಯಿ ಕಂಪನಿಯ ಕೈಗೆ ಬಂದ ಮೇಲೆ ಅಲ್ಲಿ 1672ರಲ್ಲಿ ಟಂಕಸಾಲೆ ಆರಂಭವಾಯಿತು. 1676ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯಿಂದ ನಾಣ್ಯ ಅಚ್ಚು ಹಾಕುವ ಅಧಿಕಾರಪತ್ರವೂ ದೊರೆಯಿತು. 1677 ಮತ್ತು 1678ರ ಇಸವಿ ಹೊತ್ತ, ಇಂಗ್ಲಿಷ್ ಅಕ್ಷರಗಳಲ್ಲಿ ‘ಬೊಂಬಾಯಿಯ ರೂಪಾಯಿ’ ಎಂದು ಬರೆದ ಬೆಳ್ಳಿ ನಾಣ್ಯಗಳು ಹೊರಬಂದವು. ದ್ವೀಪದಾಚೆ ಮೊಗಲರ ಸೀಮೆಯಲ್ಲಿ ಅವುಗಳಿಗೂ ಪೋರ್ಟ್‌ಕಲಿಸ್ ನಾಣ್ಯದ ಗತಿಯೇ ಆಯಿತು. ಬಳಿಕ 1690ರ ದಶಕದಲ್ಲಿ ಪಾರಸಿ ಲಿಪಿಯಲ್ಲಿಯೇ, ಆದರೆ ಇಂಗ್ಲೆಂಡಿನ ದೊರೆ ಮತ್ತು ರಾಣಿಯ ಹೆಸರಿನಲ್ಲಿ ರೂಪಾಯಿ ಅಚ್ಚು ಹಾಕುವ ಪ್ರಯತ್ನ ನಡೆದಾಗ ಔರಂಗಜೇಬನ ಆಸ್ಥಾನಕ್ಕೆ ದೂರು ಹೋಯಿತು. ನಾಣ್ಯದ ಮೇಲಿನ ಹೆಸರು ಎಂದರೆ ಸಾರ್ವಭೌಮತ್ವದ ಘೋಷಣೆ. ಆ ವಿಷಯದಲ್ಲಿ ಬಾದಶಹನಿಗೂ ಎಲಿಜಬೆತ್ ರಾಣಿಗೂ ಭೇದವಿರಲಿಲ್ಲ. ಕೊನೆಗೆ 1717ರಲ್ಲಿ ಫರೂಕ್‌ಸಿಯರ್ ಬಾದಶಹನ ಫರ್ಮಾನಿನ ಮೂಲಕ ಮುಂಬಯಿಯಲ್ಲಿ ಬಾದಶಹನ ಹೆಸರಿನಲ್ಲಿಯೇ ರೂಪಾಯಿ ಅಚ್ಚು ಹಾಕಲು ಕಂಪನಿಗೆ ಅನುಮತಿ ದೊರೆಯಿತು. ಅಂದಿನಿಂದ ಕಂಪನಿಯ ಬೆಳ್ಳಿ ಎಲ್ಲೆಡೆ ನಡೆಯತೊಡಗಿತು.

ದಕ್ಷಿಣದಲ್ಲಿ, ನಮಗೆ ಹತ್ತಿರವಾದ ಮದರಾಸಿನಲ್ಲಿ, ಆರ್ಕಾಟಿನ ನವಾಬರಿಂದ 1742ರಲ್ಲಿ ಅನುಮತಿ ಪಡೆದು ಆರ್ಕಾಟ್ ರೂಪಾಯಿಯನ್ನು ಅಚ್ಚು ಹಾಕಲಾಯಿತು. ಇದರ ಮೇಲೆ ಇಂಗ್ಲಿಷಿನ ಒಂದಕ್ಷರವೂ ಇಲ್ಲ. ಎರಡನೆಯ ಆಲಂಗೀರ್ ಬಾದಶಹನ ಹೆಸರು, ಹಿಜರಿ 1172, ಆಳ್ವಿಕೆಯ 6ನೆಯ ವರ್ಷ ಎಂಬ ವಿವರ ಪಾರಸಿಯಲ್ಲಿವೆ. ಹಿಜರಿ 1172 ಎಂದರೆ ಸಾಮಾನ್ಯ ಶಕ 1758-59. ಆ ಬಾದಶಹ 1759ರಲ್ಲಿಯೇ ಕೊಲೆಯಾದ. ಆದರೂ ಅವನ ಹೆಸರು ಮತ್ತು ಅದೇ ವರ್ಷ ಹೊತ್ತ ರೂಪಾಯಿಗಳು ಹತ್ತೊಂಬತ್ತನೆಯ ಶತಮಾನದವರೆಗೂ ಮದರಾಸಿನಲ್ಲಿ ಅಚ್ಚಾಗುತ್ತಲೇ ಇದ್ದವು. ಬಂಗಾಳದಲ್ಲಿ 1793ರಿಂದ ಎಲ್ಲ ರೂಪಾಯಿಗಳ ಮೇಲೂ ಷಾ ಆಲಂ ಬಾದಶಹನ 19ನೆಯ ವರ್ಷವನ್ನೇ ಹಾಕುವುದೆಂದು ಕಂಪನಿ ಗೊತ್ತುಮಾಡಿತು.

ಇದು ಅಜ್ಞಾನವಲ್ಲ, ವ್ಯಾಪಾರದ ಲೆಕ್ಕಾಚಾರ. ಹಿಂದಿನ ವರ್ಷಗಳ ನಾಣ್ಯ ಕೊಟ್ಟವರಿಂದ ಚಿನಿವಾರರು ವಟ್ಟ ಮುರಿದುಕೊಳ್ಳುತ್ತಿದ್ದರು. ಸವಕಳಿ ಇರಲಿ, ಇಲ್ಲದಿರಲಿ, ಇಸವಿ ಹಳೆಯದಾದರೆ ಬೆಲೆ ಇಳಿಯುತ್ತಿತ್ತು. ಎಲ್ಲ ನಾಣ್ಯಕ್ಕೂ ಒಂದೇ ವರ್ಷವಾದರೆ ಹೊಸದು ಹಳೆಯದೆಂಬ ಭೇದ ಉಳಿಯದು, ವಟ್ಟ ಕೇಳಲು ನೆಪವೂ ಉಳಿಯದು. ವಾಣಿಜ್ಯಶಾಸ್ತ್ರ ಓದುವಾಗ ನಾಣ್ಯದ ಮುಖಬೆಲೆ, ಲೋಹದ ಬೆಲೆ ಎಂಬ ಪಾಠ ಬಾಯಿಪಾಠ ಮಾಡಿದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆದ್ದರಿಂದ ಅರ್ಜಿದಾರರು ಗಮನಿಸಬೇಕಾದದ್ದೇನೆಂದರೆ, ‘ಉರ್ದು ಬರೆದಿರುವ ನಾಣ್ಯ’ ಎಂದು ಜನ ಹೇಳುವ ದಪ್ಪನೆಯ ಬೆಳ್ಳಿ ನಾಣ್ಯ ಬಹಳ ಸಲ ಕಂಪನಿಯ ನಾಣ್ಯವೇ ಆಗಿರುತ್ತದೆ. ಅದರ ಮೇಲಿನ ಹಿಜರಿ ವರ್ಷವನ್ನು ನಂಬಿ ಕಾಲ ನಿರ್ಣಯಿಸಲು ಬರುವುದಿಲ್ಲ.

ನಮ್ಮ ಗಡಿಯ ಎರಡು ಲೆಕ್ಕಗಳು

1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಈ ಸೀಮೆ ಎರಡು ಪಾಲಾಯಿತು. ಇಂದಿನ ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು ಭಾಗಗಳು ಮೈಸೂರು ಸಂಸ್ಥಾನದಲ್ಲಿ ಉಳಿದವು. ಕೊಳ್ಳೇಗಾಲ ಕಂಪನಿಯ ವಶವಾಗಿ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಅಲ್ಲಿಯೇ ಇತ್ತು. ಆಗ ಊರಿನ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ನೆನಪಿಗಾಗಿ 1818ರಲ್ಲಿ ಅದಕ್ಕೆ ಚಾಮರಾಜನಗರವೆಂದು ಹೆಸರಿಟ್ಟರು.

ಕುದೇರಿನ ಕಡೆಯಿಂದ ದನ, ಧಾನ್ಯ ಹೊಡೆದುಕೊಂಡು ಕೊಳ್ಳೇಗಾಲದ ದಿಕ್ಕಿನ ಸಂತೆಗೆ ಹೋಗುವವನು ಒಂದು ದಿನದ ದಾರಿಯಲ್ಲಿ ಒಂದು ನಾಣ್ಯಪದ್ಧತಿಯಿಂದ ಇನ್ನೊಂದಕ್ಕೆ ಕಾಲಿಡುತ್ತಿದ್ದ. ಈ ಕಡೆ ಕಂಠೀರಾಯಿ ಹಣ, ಮುಮ್ಮಡಿಯವರ ತಾಮ್ರದ ಮಯಿಲಿ ಕಾಸು, ಟಿಪ್ಪುವಿನ ಕಾಲದಿಂದ ಉಳಿದಿದ್ದ ರೂಪಾಯಿ. ಆ ಕಡೆ ಮದರಾಸಿನ ಸ್ಟಾರ್ ಪಗೋಡ ಎಂಬ ಚಿನ್ನದ ವರಹ ಮತ್ತು ಆರ್ಕಾಟ್ ರೂಪಾಯಿ. ಮೈಸೂರು ಸಂಸ್ಥಾನ ಕಂಪನಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕಪ್ಪ ಕೊಡಬೇಕೆಂದು 1799ರ ಒಪ್ಪಂದದಲ್ಲಿಯೇ ಬರೆದಿತ್ತು. 1818ರಲ್ಲಿ ಮದರಾಸು ಸರ್ಕಾರ ಲೆಕ್ಕವನ್ನು ಚಿನ್ನದಿಂದ ಬೆಳ್ಳಿಗೆ ಬದಲಾಯಿಸಿ, 100 ಪಗೋಡಕ್ಕೆ 350 ರೂಪಾಯಿ ಎಂದು ದರ ಗೊತ್ತುಪಡಿಸಿತು. ಆ ದರದಂತೆ ಮೈಸೂರಿನ ಕಪ್ಪ ವರ್ಷಕ್ಕೆ 24.5 ಲಕ್ಷ ರೂಪಾಯಿ. ನಮ್ಮ ಸೀಮೆಯ ನೆಲದಲ್ಲಿ ಇಷ್ಟು ಬಗೆಯ ನಾಣ್ಯಗಳು ಒಟ್ಟಿಗೆ ದೊರೆಯುವುದಕ್ಕೆ ಕಾರಣ ಈ ಗಡಿ.

ಟಿಪ್ಪುವಿನ ರೂಪಾಯಿಗೆ ‘ಇಮಾಮಿ’, ಎರಡು ರೂಪಾಯಿಗೆ ‘ಹೈದರಿ’ ಎಂಬ ಹೆಸರುಗಳಿದ್ದವು. ಅವನು ಮೊಗಲ್ ಬಾದಶಹನ ಹೆಸರನ್ನು ತನ್ನ ನಾಣ್ಯದಿಂದ ಕೈಬಿಟ್ಟ; ಮೌಲೂದಿ ಎಂಬ ಹೊಸ ಶಕೆ ತಂದು ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಆದರೆ ಅವನ ನಂತರ ಮುಮ್ಮಡಿಯವರ ಕಾಲದಲ್ಲಿ ಮೈಸೂರಿನಲ್ಲಿ ಅಚ್ಚಾದ ಬೆಳ್ಳಿ ರೂಪಾಯಿಯ ಮೇಲೆ ಮತ್ತೆ ಷಾ ಆಲಂ ಬಾದಶಹನ ಹೆಸರೇ ಬಂದಿತು. ಚಿಲ್ಲರೆ ಬೆಳ್ಳಿ ಮತ್ತು ತಾಮ್ರದ ಮೇಲೆ ಮಾತ್ರ ಚಾಮುಂಡಿ, ಆನೆ, ಶಾರ್ದೂಲ ಮತ್ತು ಕನ್ನಡ ಅಕ್ಷರಗಳು ಕಾಣುತ್ತವೆ. ಮೈಸೂರಿನ ಟಂಕಸಾಲೆ ಬೆಂಗಳೂರಿಗೆ ಸ್ಥಳಾಂತರವಾಗಿ 1843ರಲ್ಲಿ ಮುಚ್ಚಿತು.

ಮದರಾಸಿನಲ್ಲಿ 1807-08ರ ವೇಳೆಗೆ ಯಂತ್ರದಿಂದ ಅಚ್ಚಾದ ಅರ್ಧ ಪಗೋಡದ ಬೆಳ್ಳಿ ನಾಣ್ಯವೊಂದನ್ನು ವಿಶೇಷವಾಗಿ ಹೇಳಬೇಕು. ಒಂದು ಮುಖದಲ್ಲಿ ದೇವಾಲಯದ ಗೋಪುರ, ಸುತ್ತ ನಕ್ಷತ್ರಗಳು, ಇಂಗ್ಲಿಷ್ ಮತ್ತು ಪಾರಸಿ ಬರಹ. ಇನ್ನೊಂದು ಮುಖದಲ್ಲಿ ಕಮಲದ ಮೇಲಿನ ವಿಷ್ಣು, ಸುತ್ತ ತಮಿಳು ಮತ್ತು ತೆಲುಗು ಅಕ್ಷರ. ಇವುಗಳಲ್ಲಿ ಕೆಲವನ್ನು ಸ್ಪೇನಿನ ಎಂಟು ರಿಯಾಲಿನ ನಾಣ್ಯಗಳ ಮೇಲೆಯೇ ಮರು ಅಚ್ಚೊತ್ತಲಾಗಿತ್ತು; ಸೂಕ್ಷ್ಮವಾಗಿ ನೋಡಿದರೆ ಗೋಪುರದ ಹಿಂದೆ ಸ್ಪೇನಿನ ಅಕ್ಷರಗಳ ಮಸುಕು ನೆರಳು ಕಾಣುವುದುಂಟು. ಎಲಿಜಬೆತ್ ರಾಣಿ ಬೇಡವೆಂದ ನಾಣ್ಯ ಇನ್ನೂರು ವರ್ಷಗಳ ನಂತರ ವಿಷ್ಣುವಿನ ಕೆಳಗೆ ಕಂಪನಿಯ ಹಣವಾಗಿ ನಡೆಯಿತು. ಕಂಪನಿಯ ನಾಣ್ಯದ ಮೇಲೆ ದೇವರ ಚಿತ್ರ ಇರಲೇ ಇಲ್ಲವೆಂದು ಹೇಳುವುದು ಸರಿಯಲ್ಲ ಎಂಬುದಕ್ಕಾಗಿ ಇದನ್ನು ಇಲ್ಲಿ ನಮೂದಿಸಲಾಗಿದೆ. ಮುಂದೆ ಹೇಳುವ ಮೋಸದ ಬಿಲ್ಲೆಗಳಿಗೂ ಇದಕ್ಕೂ ಯಾವ ಹೋಲಿಕೆಯೂ ಇಲ್ಲ.

1835ರ ನಂತರದ ರೂಪಾಯಿ

ಜನರ ಬಳಿ ಹೆಚ್ಚಾಗಿ ಇರುವುದು ಇದೇ. 1835ರ 17ನೆಯ ಕಾಯ್ದೆಯಂತೆ ಕಂಪನಿಯ ಆಡಳಿತದ ಎಲ್ಲ ಪ್ರದೇಶಗಳಿಗೂ ಒಂದೇ ರೂಪಾಯಿ ಬಂದಿತು. ಬಾದಶಹನ ಹೆಸರು ಹೋಗಿ ನಾಲ್ಕನೆಯ ವಿಲಿಯಂ ದೊರೆಯ ಮುಖ ಬಂದಿತು. ಹಿಂಬದಿಯಲ್ಲಿ ಎಲೆಗಳ ಬಳ್ಳಿಯೊಳಗೆ ‘ಒನ್ ರುಪೀ’ ಎಂದು ಇಂಗ್ಲಿಷಿನಲ್ಲಿ, ಅದರ ಕೆಳಗೆ ಪಾರಸಿಯಲ್ಲಿ, ಸುತ್ತ ಕಂಪನಿಯ ಹೆಸರು ಮತ್ತು 1835ರ ಇಸವಿ. ಇದರ ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ. 1840ರ ಇಸವಿಯದರಲ್ಲಿ ವಿಕ್ಟೋರಿಯಾ ರಾಣಿಯ ಮುಖವಿದೆ, ಕಂಪನಿಯ ಹೆಸರು ಹಾಗೆಯೇ ಇದೆ. 1858ರಲ್ಲಿ ಕಂಪನಿಯ ಆಡಳಿತ ಕೊನೆಗೊಂಡಿತು. 1862ರ ರೂಪಾಯಿಯಿಂದ ಮುಂದೆ ಕಂಪನಿಯ ಹೆಸರಿಲ್ಲ, ‘ಇಂಡಿಯಾ’ ಎಂದಿದೆ. ದೇವರ ಮನೆಯಲ್ಲಿ ಲಕ್ಷ್ಮೀಪೂಜೆಗೆ ಇಡುವ ‘ರಾಣಿ ರೂಪಾಯಿ’ಗಳಲ್ಲಿ ಬಹುಪಾಲು ಕಂಪನಿಯವಲ್ಲ, 1862ರ ನಂತರದವು.

ಅಕ್ಕಸಾಲಿಗರು ಇಂದಿಗೂ ಬಳಸುವ ‘ತೊಲ’ ಎಂಬ ತೂಕ ಈ ರೂಪಾಯಿಯದೇ. 1833ರಲ್ಲಿ ತೊಲವನ್ನು 180 ಗ್ರೇನ್ ಎಂದು ನಿಗದಿಪಡಿಸಲಾಯಿತು. ಹಳೆಯ ಮೈಸೂರಿನಲ್ಲಿ ಕಚ್ಚಾ ಸೇರೆಂದರೆ 24 ರೂಪಾಯಿ ತೂಕ. ಔಷಧಿಗೆ ‘ಒಂದು ರೂಪಾಯಿ ತೂಕ’ ಎಂದು ಹಿರಿಯರು ಹೇಳುವುದನ್ನು ಕೇಳಿದವರು ಇದ್ದಾರೆ. ಆದ್ದರಿಂದ ಸಾರ್ವಜನಿಕರ ಕೈಯಲ್ಲಿರುವ ಅತ್ಯಂತ ಸುಲಭ ಪರೀಕ್ಷೆ ತೂಕವೇ. ನಾಣ್ಯವನ್ನು ಹತ್ತಿರದ ಚಿನ್ನಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದಾಗ ಸವಕಳಿಗೆ ತಕ್ಕಂತೆ 11.66 ಗ್ರಾಮಿಗಿಂತ ತುಸು ಕಡಿಮೆ ಬಂದರೆ ಸಹಜ. 8 ಅಥವಾ 14 ಗ್ರಾಂ ಬಂದರೆ ಅದು ರೂಪಾಯಿಯಲ್ಲ. ಅಯಸ್ಕಾಂತಕ್ಕೆ ಅಂಟಿಕೊಂಡರೆ ಅದು ಬೆಳ್ಳಿಯಲ್ಲ.

ನಾಣ್ಯವನ್ನು ಹುಣಸೆಹಣ್ಣು, ಬೂದಿ, ನಿಂಬೆರಸ ಹಾಕಿ ಉಜ್ಜಬಾರದು. ಹೊಳಪು ಬರುವುದು ನಿಜ. ಅಕ್ಷರ ಸವೆದು ಹೋಗುವುದೂ ನಿಜ. ಮಣ್ಣಿನಿಂದ ಬಂದ ನಾಣ್ಯದ ಮೇಲಿನ ಕಪ್ಪನ್ನು ತೆಗೆಯುವ ಕೆಲಸ ಸಂಗ್ರಹಾಲಯದ ರಸಾಯನ ತಜ್ಞರದು. ಕರಗಿಸಿಬಿಟ್ಟರೆ ಉಳಿಯುವುದು ಬೆಳ್ಳಿಯ ಬೆಲೆ ಮಾತ್ರ. ಆ ನಾಣ್ಯ ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು ಎಂಬ ವಿವರ ಶಾಶ್ವತವಾಗಿ ಹೋಗುತ್ತದೆ. ಒಂದೇ ಮಡಕೆಯಲ್ಲಿ ಇಮಾಮಿ ರೂಪಾಯಿಯೂ ಆರ್ಕಾಟ್ ರೂಪಾಯಿಯೂ ಇದ್ದರೆ ಆ ಮಡಕೆ ಹೂತಿಟ್ಟವನು ಗಡಿಯ ಎರಡೂ ಕಡೆ ವ್ಯವಹಾರ ಮಾಡುತ್ತಿದ್ದನೇ ಎಂಬ ವಿಚಾರಣೆಗೆ ಅದೇ ಆಧಾರ.

ಮೋಸದ ಬಗ್ಗೆ ಎಚ್ಚರಿಕೆ

ಮಾರುಕಟ್ಟೆಯಲ್ಲಿ ‘ಈಸ್ಟ್ ಇಂಡಿಯಾ ಕಂಪನಿ’ ಎಂಬ ಹೆಸರಿನ ಕೆಳಗೆ 1616, 1717, 1818 ಅಥವಾ 1839 ಎಂಬ ಇಸವಿ ಹಾಕಿ, ಇನ್ನೊಂದು ಮುಖದಲ್ಲಿ ರಾಮ ಪಟ್ಟಾಭಿಷೇಕ, ಆಂಜನೇಯ, ಲಕ್ಷ್ಮಿ ಮುಂತಾದ ಚಿತ್ರ ಮೂಡಿಸಿದ ಬಿಲ್ಲೆಗಳು ಓಡಾಡುತ್ತಿವೆ. ಇವು ಕಂಪನಿಯ ಯಾವ ಟಂಕಸಾಲೆಯಲ್ಲಿಯೂ ಅಚ್ಚಾದವಲ್ಲ. ಮೇಲೆ ವಿವರಿಸಿದ ಚರಿತ್ರೆಯನ್ನು ಓದಿದವರಿಗೆ ಕಾರಣ ಹೇಳಬೇಕಾಗಿಲ್ಲ: 1616ರಲ್ಲಿ ಕಂಪನಿಗೆ ಭಾರತದಲ್ಲಿ ಟಂಕಸಾಲೆಯೇ ಇರಲಿಲ್ಲ, 1717ರಲ್ಲಿ ದೊರೆತ ಅನುಮತಿ ಬಾದಶಹನ ಹೆಸರಿನ ಪಾರಸಿ ರೂಪಾಯಿಗೆ, 1839ರಲ್ಲಿ ನಡೆಯುತ್ತಿದ್ದದ್ದು ದೊರೆಯ ಮುಖದ ರೂಪಾಯಿ. ಯಾತ್ರಾಸ್ಥಳಗಳಲ್ಲಿ ಭಕ್ತರು ಕೊಳ್ಳುತ್ತಿದ್ದ ರಾಮಟಂಕವೆಂಬ ಬಿಲ್ಲೆಗಳು ಹಿಂದಿನಿಂದಲೂ ಇವೆ. ಅವು ಪೂಜೆಯ ವಸ್ತು, ಚಲಾವಣೆಯ ಹಣವಲ್ಲ.

ಇಂತಹ ಬಿಲ್ಲೆಗಳು ಅಕ್ಕಿಕಾಳನ್ನು ಸೆಳೆಯುತ್ತವೆ, ಅವುಗಳಲ್ಲಿ ಅಪೂರ್ವ ಲೋಹವಿದೆ, ವಿದೇಶದ ಸಂಸ್ಥೆ ಕೋಟಿ ಕೊಟ್ಟು ಕೊಳ್ಳುತ್ತದೆ ಎಂದು ನಂಬಿಸುವುದನ್ನು ‘ರೈಸ್ ಪುಲ್ಲಿಂಗ್’ ಎಂದು ಕರೆಯಲಾಗುತ್ತದೆ. ಯಾವ ಲೋಹವೂ ಅಕ್ಕಿಯನ್ನು ಸೆಳೆಯುವುದಿಲ್ಲ. ಕಾಳಿಗೆ ಕಬ್ಬಿಣದ ಪುಡಿ ಲೇಪಿಸಿ ಬಿಲ್ಲೆಯೊಳಗೆ ಅಯಸ್ಕಾಂತ ಅಡಗಿಸಿದರೆ ಮಾತ್ರ ಸೆಳೆಯುತ್ತದೆ. ಪರೀಕ್ಷಾ ಶುಲ್ಕ, ತಜ್ಞರ ಪ್ರಯಾಣ ವೆಚ್ಚ, ತೆರಿಗೆ, ವಿಮೆ ಎಂದು ಕಂತುಕಂತಾಗಿ ಹಣ ಕೀಳುವುದು ಇದರ ಪದ್ಧತಿ. ಒಮ್ಮೆ ಕೊಟ್ಟವರು ಕೊಟ್ಟದ್ದು ಹೋಗಬಾರದೆಂದು ಮತ್ತೆ ಕೊಡುತ್ತಾರೆ. ಮಗಳ ಮದುವೆಗೆಂದು ಇಟ್ಟ ಹಣ, ರೇಷ್ಮೆಗೂಡು ಮಾರಿ ಬಂದ ಹಣ ಹೀಗೆ ಹೋದ ಮೇಲೆ ನಾಚಿಕೆಯಿಂದ ದೂರು ಕೊಡದೆ ಸುಮ್ಮನಿರುವವರೇ ಹೆಚ್ಚು. ಸುಮ್ಮನಿರಬೇಕಾಗಿಲ್ಲ. ಹಳೆಯ ನೋಟು ನಾಣ್ಯಗಳ ಮಾರಾಟಕ್ಕೆ ತನ್ನ ಹೆಸರು ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬಾರದೆಂದೂ, ಅಂತಹ ಯಾವ ವ್ಯವಹಾರವನ್ನೂ ತಾನು ಮಾಡುವುದಿಲ್ಲವೆಂದೂ ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಸಾರ್ವಜನಿಕ ಪ್ರಕಟಣೆ ನೀಡಿದೆ. ವಂಚನೆಗೊಳಗಾದವರು ಸಮೀಪದ ಪೊಲೀಸ್ ಠಾಣೆಗೆ ದೂರು ನೀಡತಕ್ಕದ್ದು. ಹಣವನ್ನು ಫೋನ್ ಅಥವಾ ಬ್ಯಾಂಕ್ ಮೂಲಕ ಕಳುಹಿಸಿದ್ದಲ್ಲಿ 1930 ಸಂಖ್ಯೆಗೆ ಕೂಡಲೇ ಕರೆ ಮಾಡತಕ್ಕದ್ದು. ತಡಮಾಡಿದಷ್ಟೂ ಹಣ ತಡೆಹಿಡಿಯುವ ಅವಕಾಶ ಕಡಿಮೆ.

ನಾಣ್ಯ ದೊರೆತಾಗ ಮಾಡಬೇಕಾದದ್ದು

ಇಲ್ಲಿ ಎರಡು ಸಂದರ್ಭಗಳನ್ನು ಬೇರೆಬೇರೆಯಾಗಿ ನೋಡಬೇಕು. ಹಿರಿಯರಿಂದ ಬಂದು, ಮನೆಯಲ್ಲಿ ಬಳಕೆಯಲ್ಲಿಯೋ ಪೂಜೆಯಲ್ಲಿಯೋ ಇರುವ ನಾಣ್ಯ ಕುಟುಂಬದ ಸ್ವತ್ತು. ಸರಕ್ಕೆ ಪೋಣಿಸಿದ ರೂಪಾಯಿಯನ್ನೋ ದೇವರ ಮುಂದಿನ ರೂಪಾಯಿಯನ್ನೋ ಯಾರೂ ಕಸಿದುಕೊಳ್ಳುವುದಿಲ್ಲ; ಈ ಭಯದಿಂದ ಅದನ್ನು ಅರ್ಧ ಬೆಲೆಗೆ ಮಾರುವ ಅಗತ್ಯವಿಲ್ಲ. ಆದರೆ ನೂರು ವರ್ಷ ಮೀರಿದ ನಾಣ್ಯ 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮದ ಪ್ರಕಾರ ಪುರಾತನ ವಸ್ತುವಾಗುತ್ತದೆ. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವುದು ಅಪರಾಧ. ಅಂಚೆಯಲ್ಲಾಗಲಿ, ವಿದೇಶದಲ್ಲಿರುವ ಬಂಧುಗಳ ಕೈಯಲ್ಲಾಗಲಿ ಕಳುಹಿಸಕೂಡದು. ಪುರಾತನ ವಸ್ತುಗಳ ವ್ಯಾಪಾರ ನಡೆಸುವವರು ಪರವಾನಗಿ ಹೊಂದಿರತಕ್ಕದ್ದು. ಮಾರುವವರು ಪರವಾನಗಿಯನ್ನು ಕೇಳಿ ನೋಡುವುದು ಒಳ್ಳೆಯದು, ಸಂಕೋಚಪಡಬೇಕಾಗಿಲ್ಲ.

ನೆಲದಲ್ಲಿ ಅಥವಾ ನೆಲಕ್ಕೆ ಸೇರಿದ ಗೋಡೆ ಪಾಯಗಳಲ್ಲಿ ಹುದುಗಿದ್ದದ್ದು ದೊರೆತರೆ ವಿಷಯ ಬೇರೆ. ಅದು ನಿಧಿ. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆಯ ಜಾಡಿನಲ್ಲಿ ನಮ್ಮ ರಾಜ್ಯಕ್ಕೆ 1962ರ ಪ್ರತ್ಯೇಕ ಅಧಿನಿಯಮವಿದೆ. ‘ನನ್ನ ಜಮೀನು, ಆದ್ದರಿಂದ ನನ್ನದು’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಹಾಗೆಯೇ ‘ಸರ್ಕಾರಕ್ಕೆ ತಿಳಿಸಿದರೆ ನಮಗೆ ಏನೂ ಸಿಗದು’ ಎಂಬ ಮಾತೂ ಸರಿಯಲ್ಲ. ಕಂಡುಹಿಡಿದವರ ಮತ್ತು ಭೂಮಾಲೀಕರ ಹಕ್ಕನ್ನು ಜಿಲ್ಲಾಧಿಕಾರಿಗಳು ವಿಚಾರಣೆ ನಡೆಸಿ ಕಾನೂನಿನಂತೆ ತೀರ್ಮಾನಿಸುತ್ತಾರೆ. ತಿಳಿಸದೆ ಬಚ್ಚಿಟ್ಟವರು ದಂಡನೆಗೆ ಗುರಿಯಾಗಬಹುದು. ಪಾಯ ತೋಡಿದ ಕೂಲಿಯಾಳು ಕಂಡು ಮಾಲೀಕನಿಗೆ ಕೊಟ್ಟಿದ್ದರೆ ಕಂಡುಹಿಡಿದವನು ಕೂಲಿಯಾಳೇ; ಅರ್ಜಿಯಲ್ಲಿ ಅವನ ಹೆಸರು ಬಿಟ್ಟುಹೋಗಬಾರದು. ಈ ಲೋಪ ಆಗುವುದುಂಟು, ಉದ್ದೇಶಪೂರ್ವಕವಾಗಿಯೂ ಆಗುವುದುಂಟು.

ಕುದೇರಿನಂತಹ ಗ್ರಾಮದ ನಿವಾಸಿಗಳು ಮೊದಲು ಗ್ರಾಮ ಆಡಳಿತಾಧಿಕಾರಿಗಳಿಗೆ ಅಥವಾ ಚಾಮರಾಜನಗರದ ತಹಸೀಲ್ದಾರರ ಕಚೇರಿಗೆ ತಿಳಿಸಬಹುದು. ಲಿಖಿತ ಮಾಹಿತಿ ಜಿಲ್ಲಾಧಿಕಾರಿಗಳಿಗೆ ತಲುಪಬೇಕು. ಅರ್ಜಿ ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದರೆ ಸಾಕು. ದೊರೆತ ವಸ್ತು ಯಾವುದು, ಎಷ್ಟು, ಯಾವ ಸರ್ವೆ ನಂಬರಿನಲ್ಲಿ ಅಥವಾ ಯಾವ ಮನೆಯಲ್ಲಿ, ಎಷ್ಟು ಆಳದಲ್ಲಿ, ಯಾವ ದಿನ, ಯಾರ ಕೈಗೆ ಮೊದಲು ಸಿಕ್ಕಿತು, ಆಗ ಜೊತೆಯಲ್ಲಿ ಯಾರಿದ್ದರು ಎಂಬುದನ್ನು ಬರೆಯತಕ್ಕದ್ದು. ಮಡಕೆ, ಬಟ್ಟೆಯ ಚೂರು, ತಾಮ್ರದ ಪಾತ್ರೆ ಇದ್ದರೆ ಅದನ್ನೂ ಎಸೆಯದೆ ನಮೂದಿಸತಕ್ಕದ್ದು. ನಾಣ್ಯಗಳನ್ನು ಎಣಿಸಿ, ಸಾಧ್ಯವಾದರೆ ಎರಡೂ ಮುಖಗಳ ಛಾಯಾಚಿತ್ರ ತೆಗೆದು, ಹಸ್ತಾಂತರಿಸುವಾಗ ಪಂಚರ ಸಮಕ್ಷಮದಲ್ಲಿ ಸಂಖ್ಯೆ ಮತ್ತು ತೂಕ ಬರೆದ ಮಹಜರಿನ ಪ್ರತಿಯನ್ನು ಕೇಳಿ ಪಡೆಯತಕ್ಕದ್ದು. ತೂಕವಿಲ್ಲದ ಮಹಜರಿಗೆ ಸಹಿ ಹಾಕಬೇಡಿ ಎಂಬುದು ಈ ಶಾಖೆಯ ಸಲಹೆ. ಮುಂದೆ ನಾಣ್ಯ ಬದಲಾಯಿತೆಂಬ ಸಂಶಯ ಬಂದರೆ 11.66 ಗ್ರಾಮಿನ ಲೆಕ್ಕವೇ ಅರ್ಜಿದಾರರಿಗೂ ಅಧಿಕಾರಿಗಳಿಗೂ ರಕ್ಷಣೆ.

ನಾಣ್ಯದ ಕಾಲ ಮತ್ತು ಸಾಚಾತನದ ಪರಿಶೀಲನೆ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಮೂಲಕ ನಡೆಯುತ್ತದೆ. ಇಲಾಖೆಯ ಆಯುಕ್ತಾಲಯ ಮೈಸೂರಿನಲ್ಲಿದೆ. ಮನೆಯಲ್ಲಿರುವ ನಾಣ್ಯದ ಬಗ್ಗೆ ಅಭಿಪ್ರಾಯ ಬಯಸುವವರೂ ಅಲ್ಲಿಗೆ ಪತ್ರ ಬರೆಯಬಹುದು. ಪತ್ರದೊಂದಿಗೆ ನಾಣ್ಯವನ್ನು ಅಂಚೆಯಲ್ಲಿ ಕಳುಹಿಸಬಾರದು. ಎರಡೂ ಮುಖಗಳ ಸ್ಪಷ್ಟ ಛಾಯಾಚಿತ್ರ, ಪಕ್ಕದಲ್ಲಿ ಅಳತೆಪಟ್ಟಿ, ಗ್ರಾಮಿನಲ್ಲಿ ತೂಕ ಇಷ್ಟಿದ್ದರೆ ಸಾಕು.